ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಿನ ಎಣ್ಣೆ ಲೆಕ್ಕ

ಅಮೆರಿಕದಲ್ಲಿ ಸುಬಾರು ಕಾರು ಇಟ್ಟುಕೊಂಡವರ ನಡುವೆ ಪದೇ ಪದೇ ನಡೆಯುವ ಎಡವಟ್ಟೊಂದಿದೆ. ರಜೆಯ ದಿನ ಮನೆ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆಯಿಲ್ ಬದಲಿಸಲೆಂದು ಮಾಲೀಕ ಕಾರಿನಡಿಗೆ ತೂರುತ್ತಾನೆ. ಅಲ್ಲಿ ಒಂದಕ್ಕಿಂತ ಹೆಚ್ಚು ಡ್ರೈನ್ ಪ್ಲಗ್‌ಗಳಿವೆ. ಕಣ್ಣಿಗೆ ಬಿದ್ದದ್ದನ್ನು ಬಿಚ್ಚುತ್ತಾನೆ. ಎಣ್ಣೆಯೆಲ್ಲ ಇಳಿದ ಮೇಲೆ ಪ್ಲಗ್ ಬಿಗಿದು, ಮೇಲಿನಿಂದ ಹೊಸ ಎಂಜಿನ್ ಆಯಿಲ್ ಹೊಯ್ದು, ಕೈ ಒರೆಸಿಕೊಂಡು ಸ್ಟಾರ್ಟ್ ಮಾಡುತ್ತಾನೆ. ಹೊಗೆ ಬರುತ್ತದೆ. ಗೇರ್ ಹಾಕಿದರೆ ಕಾರು ಕದಲುವುದಿಲ್ಲ. ಇಳಿದದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ಎಂಜಿನ್ನಿನಲ್ಲಿ ಹಳೆಯದರ ಮೇಲೆ ಹೊಸದು ಸೇರಿ ಈಗ ಎರಡರಷ್ಟಾಗಿದೆ.

ಮ್ಯಾನುಯಲ್ ಗೇರ್‌ಬಾಕ್ಸಿನ ಎಣ್ಣೆ ಪೂರ್ತಿ ಸೋರಿಹೋದರೂ ಕಾರು ಸ್ವಲ್ಪ ದೂರ ಹೋಗುತ್ತದೆ, ಹಲ್ಲು ಸವೆಸಿಕೊಂಡು, ಕಿರುಚಿಕೊಂಡು. ಆಟೊಮ್ಯಾಟಿಕ್‌ನಲ್ಲಿ ಆ ಅವಕಾಶವೂ ಇಲ್ಲ. ಅಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರಿಗೆ ತಲುಪಿಸುವುದೇ ಎಣ್ಣೆ. ಎಣ್ಣೆ ಇಲ್ಲದಿದ್ದರೆ ಎಂಜಿನ್ ಒಂದು ಕಡೆ, ಚಕ್ರ ಒಂದು ಕಡೆ.

ಹೀಗಿದ್ದೂ ಕಾರಿನಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಒಳಗಾದ ದ್ರವ ಇದೇ. ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆಯಾದರೂ ಬದಲಿಸುವವರು ಗೇರ್‌ಬಾಕ್ಸಿನ ಎಣ್ಣೆಯನ್ನು ಒಂದು ಲಕ್ಷ ಕಿಲೋಮೀಟರ್ ದಾಟಿದರೂ ನೆನೆಯುವುದಿಲ್ಲ. ಕಾರಿನ ಜತೆ ಬರುವ ಕೈಪಿಡಿಯೇ ಎಷ್ಟೋ ಸಲ ಅದರ ಬಗ್ಗೆ ಮೌನವಾಗಿರುತ್ತದೆ. ಆ ಮೌನವನ್ನು ಒಪ್ಪದ ಒಂದು ವರ್ಗ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದೆ. ಮನೆ ಮುಂದಿನ ಡ್ರೈವ್‌ವೇಯಲ್ಲಿ, ಅಡಿಗೆ ರಟ್ಟು ಹಾಸಿಕೊಂಡು, ಅಳತೆ ಜಾರು ಮತ್ತು ಥರ್ಮಾಮೀಟರ್ ಹಿಡಿದು ಈ ಎಣ್ಣೆಯನ್ನು ತಾವೇ ಬದಲಿಸುವವರು ಅವರು. ಎಣ್ಣೆ ಇಳಿಸುವುದು ಈ ಕೆಲಸದ ಸುಲಭದ ಭಾಗ. ಒಳಗೆ ಎಷ್ಟು ಉಳಿಯಿತು, ಎಷ್ಟು ಹಾಕಬೇಕು, ಹಾಕಿದ್ದು ಸರಿಯಾಯಿತೇ ಎಂದು ತಿಳಿಯುವುದರಲ್ಲಿ ಅವರ ಅರ್ಧ ದಿನ ಹೋಗುತ್ತದೆ.

ನಾಲ್ಕು ಕೆಲಸ, ಒಂದು ಎಣ್ಣೆ

ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್‌ನ ತತ್ತ್ವವನ್ನು ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟಿಂಗರ್ 1905ರಲ್ಲೇ ಹಡಗುಗಳಿಗಾಗಿ ರೂಪಿಸಿ ಪೇಟೆಂಟ್ ಪಡೆದಿದ್ದ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದರ ಸ್ವಿಚ್ ಮಾತ್ರ ಹಾಕಿದರೆ ಇನ್ನೊಂದರ ರೆಕ್ಕೆಯೂ ತಿರುಗತೊಡಗುತ್ತದಲ್ಲ, ಹಾಗೆ. ಕಾರಿನಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ ಇರುತ್ತದೆ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಬೀಸಿ ಎಸೆಯುತ್ತವೆ, ಗೇರ್‌ಬಾಕ್ಸಿನ ಕಡೆಯವು ಆ ಹೊಡೆತಕ್ಕೆ ತಿರುಗುತ್ತವೆ. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಎಂಜಿನ್ ಬಂದ್ ಆಗದಿರುವುದು ಈ ಏರ್ಪಾಟಿನಿಂದ.

ಇದು ಮೊದಲ ಕೆಲಸ. ಎರಡನೆಯದು ಒತ್ತಡ. ಪಂಪು ಎತ್ತಿಕೊಟ್ಟ ಎಣ್ಣೆ ವಾಲ್ವ್‌ಗಳ ಮೂಲಕ ಹರಿದು, ಒಳಗಿರುವ ಕ್ಲಚ್ ತಟ್ಟೆಗಳ ಜೋಡಿಗಳಲ್ಲಿ ಆಯಾ ಗೇರಿಗೆ ಬೇಕಾದದ್ದನ್ನು ಅದುಮಿ ಹಿಡಿಯುತ್ತದೆ. ಮೂರನೆಯದು ಹಲ್ಲು, ಬೇರಿಂಗುಗಳ ಸವೆತ ತಡೆಯುವುದು. ನಾಲ್ಕನೆಯದು ಅಲ್ಲಿ ಹುಟ್ಟಿದ ಕಾವನ್ನು ಹೊತ್ತು ಕೂಲರ್‌ಗೆ ಮುಟ್ಟಿಸುವುದು.

ಎರಡನೆಯ ಕೆಲಸದಲ್ಲಿ ಒಂದು ತೊಡಕಿದೆ. ಈ ಕ್ಲಚ್ ತಟ್ಟೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಎಣ್ಣೆ ತೀರಾ ಜಾರಿದರೆ ತಟ್ಟೆಗಳು ಹಿಡಿಯದೆ ಉಜ್ಜಿ ಸುಡುತ್ತವೆ. ತೀರಾ ಹಿಡಿದರೆ ಪ್ರತಿ ಗೇರಿಗೂ ಕಾರು ಜಗ್ಗುತ್ತದೆ. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬ ಹದವನ್ನು ಎಣ್ಣೆಯಲ್ಲಿ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ. ವರ್ಷಗಳು ಕಳೆದಂತೆ ಸವೆದುಹೋಗುವುದು ಮುಖ್ಯವಾಗಿ ಈ ಹದ. ನೋಡಲು ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ.

ತಿಮಿಂಗಿಲದಿಂದ ಡೆಕ್ಸ್ರಾನ್‌ವರೆಗೆ

ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜನರಲ್ ಮೋಟರ್ಸ್‌ನ ಹೈಡ್ರಾ-ಮ್ಯಾಟಿಕ್. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ 57 ಡಾಲರ್ ಹೆಚ್ಚು ಕೊಟ್ಟರೆ ಸಿಗುತ್ತಿತ್ತು. ಯುದ್ಧ ಬಂದಾಗ ಅದೇ ಗೇರ್‌ಬಾಕ್ಸ್ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕುಗಳೊಳಗೆ ಹೋಯಿತು, ಪ್ರತಿ ಟ್ಯಾಂಕಿಗೆ ಎರಡರಂತೆ. ಯುದ್ಧ ಮುಗಿದ ಮೇಲೆ ಆಟೊಮ್ಯಾಟಿಕ್ ಕಾರುಗಳು ಊರು ತುಂಬಿದವು. ಅವುಗಳಿಗೆ ಯಾವ ಎಣ್ಣೆ ಹಾಕಬೇಕೆಂಬ ಗೊಂದಲವೂ ಜತೆಗೇ ಬಂತು. 1949ರಲ್ಲಿ ಜನರಲ್ ಮೋಟರ್ಸ್ ‘ಟೈಪ್ ಎ’ ಎಂಬ ಮಾನದಂಡ ತಂದಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಎಣ್ಣೆಯ ಡಬ್ಬಿಗೆ ನಂಬರು ಕೊಡುವ ಪದ್ಧತಿ ಶುರುವಾಯಿತು. ಸೋರಿದ ಎಣ್ಣೆ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಎಂದು ನೆಲ ನೋಡಿಯೇ ಹೇಳಲು ಬರುವಂತೆ ಅದಕ್ಕೆ ಕೆಂಪು ಬಣ್ಣ ಬೆರೆಸುವುದು ರೂಢಿಯಾಯಿತು.

ಆ ಕಾಲದ ಎಣ್ಣೆಯಲ್ಲಿ ಜಾರುವ–ಹಿಡಿಯುವ ಹದ ತರುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. 1960ರ ದಶಕದ ಕೊನೆಯಲ್ಲಿ ಬಂದ ಜನರಲ್ ಮೋಟರ್ಸ್‌ನ ‘ಡೆಕ್ಸ್ರಾನ್’ ಎಣ್ಣೆಯಲ್ಲೂ ಅದಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕ ಅಳಿವಿನಂಚಿನ ಪ್ರಾಣಿಗಳ ರಕ್ಷಣೆಗೆ ಕಾನೂನು ಬಿಗಿ ಮಾಡಿದಾಗ ತಿಮಿಂಗಿಲದ ಎಣ್ಣೆಯ ಬಾಗಿಲು ಮುಚ್ಚಿತು. ಎಣ್ಣೆ ಕಂಪನಿಗಳು ಬದಲಿ ಹುಡುಕಿದವು. ಡೆಕ್ಸ್ರಾನ್-2ರ ಮೊದಲ ರೂಪ ಕೂಲರ್‌ಗಳ ಬೆಸುಗೆಯನ್ನೇ ತಿನ್ನತೊಡಗಿತು, ತುಕ್ಕು ತಡೆಯುವ ರಾಸಾಯನಿಕ ಸೇರಿಸಿ ಸೂತ್ರವನ್ನು ಮತ್ತೆ ತಿದ್ದಬೇಕಾಯಿತು. ಫೋರ್ಡ್ ಬೇರೆ ಹಾದಿ ಹಿಡಿದಿತ್ತು. ಅದರ ‘ಟೈಪ್ ಎಫ್’ ಎಣ್ಣೆಯಲ್ಲಿ ಜಾರಿಸುವ ರಾಸಾಯನಿಕ ಇರಲಿಲ್ಲ, ಗೇರು ಗಟ್ಟಿಯಾಗಿ ಬೀಳುತ್ತಿತ್ತು. ಆ ಫೋರ್ಡ್ ಪೆಟ್ಟಿಗೆಗೆ ಡೆಕ್ಸ್ರಾನ್ ಹಾಕಿದವರ ಕ್ಲಚ್ ತಟ್ಟೆಗಳು ಜಾರತೊಡಗಿದವು.

ಎರಡರಲ್ಲಿ ಒಂದನ್ನು ಆರಿಸುವ ಆ ಕಾಲ ಈಗ ಸರಳವೆನಿಸುತ್ತದೆ. ಟೊಯೊಟಾಗೆ ಡಬ್ಲ್ಯುಎಸ್, ಹೋಂಡಾಗೆ ಡಿಡಬ್ಲ್ಯು-1, ಹ್ಯುಂಡೈಗೆ ಎಸ್‌ಪಿ-4, ಕ್ರೈಸ್ಲರ್‌ಗೆ ಎಟಿಎಫ್+4, ಜರ್ಮನಿಯ ಜ಼ಡ್‌ಎಫ್ ಎಂಟು ಗೇರಿನ ಪೆಟ್ಟಿಗೆಗೆ ಹಸಿರು ಬಣ್ಣದ ಲೈಫ್‌ಗಾರ್ಡ್ 8. ಇಂಧನ ಉಳಿಸಲೆಂದು ಎಣ್ಣೆ ತಲೆಮಾರಿನಿಂದ ತಲೆಮಾರಿಗೆ ತೆಳುವಾಗುತ್ತ ಬಂದಿದೆ. 100 ಡಿಗ್ರಿಯಲ್ಲಿ ಹಳೆಯ ಡೆಕ್ಸ್ರಾನ್-3ರ ಸ್ನಿಗ್ಧತೆ ಏಳೂವರೆಯ ಆಸುಪಾಸಿನಲ್ಲಿದ್ದರೆ ಟೊಯೊಟಾ ಡಬ್ಲ್ಯುಎಸ್‌ನದು ಐದೂವರೆಯ ಆಸುಪಾಸು. ಹಳೆಯ ಎಣ್ಣೆಯೇ ದಪ್ಪ, ಅದೇ ಗಟ್ಟಿಮುಟ್ಟು ಎಂದು ಹೊಸ ಕಾರಿಗೆ ಹೊಯ್ದರೆ ವಾಲ್ವ್‌ಗಳ ಲೆಕ್ಕಾಚಾರ ತಪ್ಪುತ್ತದೆ. ಡೆಕ್ಸ್ರಾನ್-3ರ ಪರವಾನಗಿ ಕೊಡುವುದನ್ನು ಜನರಲ್ ಮೋಟರ್ಸ್ 2006ರ ಕೊನೆಗೇ ನಿಲ್ಲಿಸಿದೆ. ಆ ಹೆಸರು ಹೊತ್ತ ಡಬ್ಬಿ ಇಂದು ಅಂಗಡಿಯಲ್ಲಿ ಕಂಡರೆ ಅದು ಯಾರ ಪರೀಕ್ಷೆಯನ್ನೂ ಪಾಸಾಗಿರಬೇಕೆಂದಿಲ್ಲ.

ಕಡ್ಡಿ ಮಾಯವಾಯಿತು

1990ರ ದಶಕದವರೆಗೆ ಹೆಚ್ಚಿನ ಆಟೊಮ್ಯಾಟಿಕ್ ಕಾರುಗಳ ಬಾನೆಟ್ ಎತ್ತಿದರೆ ಎರಡು ಡಿಪ್‌ಸ್ಟಿಕ್‌ಗಳಿದ್ದವು, ಒಂದು ಎಂಜಿನ್ನಿಗೆ, ಇನ್ನೊಂದು ಗೇರ್‌ಬಾಕ್ಸಿಗೆ. ಎಳೆದು ಒರೆಸಿ ನೋಡಿದರೆ ಮಟ್ಟ ತಿಳಿಯುತ್ತಿತ್ತು, ಮೂಸಿದರೆ ಸುಟ್ಟದ್ದು ತಿಳಿಯುತ್ತಿತ್ತು. ನೋಡುವ ಕ್ರಮ ಮಾತ್ರ ಕಂಪನಿಗೊಂದು. ಹೆಚ್ಚಿನವರು ಎಂಜಿನ್ ಓಡುತ್ತಿರುವಾಗ ‘ಪಾರ್ಕ್’ನಲ್ಲಿ ನೋಡಬೇಕೆಂದರೆ, ಹಳೆಯ ಕ್ರೈಸ್ಲರ್‌ಗಳಲ್ಲಿ ‘ನ್ಯೂಟ್ರಲ್’ನಲ್ಲಿ ನೋಡಬೇಕಿತ್ತು. ಹೋಂಡಾದಲ್ಲಿ ಬಿಸಿಯಾದ ಎಂಜಿನ್ ಆರಿಸಿ ಒಂದೂವರೆ ನಿಮಿಷದೊಳಗೆ ಕಡ್ಡಿ ಎಳೆಯಬೇಕು.

ಆ ಎರಡನೆಯ ಕಡ್ಡಿ ಒಂದೊಂದೇ ಕಂಪನಿಯ ಕಾರಿನಿಂದ ಕಾಣೆಯಾಯಿತು. 1990ರ ದಶಕದ ನಡುವಿನಲ್ಲಿ ಬಂದ ಮರ್ಸಿಡಿಸ್‌ನ ಐದು ಗೇರಿನ ಪೆಟ್ಟಿಗೆಯಲ್ಲಿ ಕಡ್ಡಿ ಹಾಕುವ ಕೊಳವೆಯಿದೆ, ಕಡ್ಡಿಯಿಲ್ಲ. ಕೊಳವೆಯ ಬಾಯಿಗೆ ಬೀಗದಂಥ ಮುಚ್ಚಳ, ಅಧಿಕೃತ ಡೀಲರ್ ಮಾತ್ರ ತೆಗೆಯಬೇಕೆಂಬ ಸೂಚನೆ. ಆ ಕಾರಿನ ಎಷ್ಟೋ ಮಾಲೀಕರು ಬೇರೆ ಕಡೆಯಿಂದ ಅಳತೆ ಕಡ್ಡಿ ತರಿಸಿ ಮಿಲಿಮೀಟರ್ ಎಣಿಸಿ ಮಟ್ಟ ನೋಡಿಕೊಂಡರು. ಟೊಯೊಟಾ ತನ್ನ ಡಬ್ಲ್ಯುಎಸ್ ಎಣ್ಣೆಯ ಪೆಟ್ಟಿಗೆಗಳಲ್ಲಿ ಕಡ್ಡಿಯ ಜಾಗಕ್ಕೆ ತಳದಲ್ಲೊಂದು ಪ್ಲಗ್ ಕೊಟ್ಟಿತು.

ಕಂಪನಿಗಳಿಗೂ ಕಾರಣವಿತ್ತು. ಕಡ್ಡಿ ಇದ್ದಲ್ಲಿ ತಪ್ಪು ಎಣ್ಣೆ ಹೊಯ್ಯುವವರು, ಅಗತ್ಯಕ್ಕಿಂತ ಹೆಚ್ಚು ತುಂಬುವವರು, ಕೊಳವೆಯೊಳಗೆ ಕಸ ಬೀಳಿಸುವವರು ಇದ್ದೇ ಇದ್ದರು. ಕಡ್ಡಿಯ ಜತೆಗೇ ಬದಲಾವಣೆಯ ಅವಧಿಯೂ ಕೈಪಿಡಿಯಿಂದ ಕಳಚಿಕೊಂಡಿತು. ಬಿಎಂಡಬ್ಲ್ಯು ತನ್ನ ಪೆಟ್ಟಿಗೆಗಳಿಗೆ ಜೀವಮಾನದ ಎಣ್ಣೆ ಎಂಬ ಚೀಟಿ ಅಂಟಿಸಿತು. ಅಮೆರಿಕದಲ್ಲಿ ಮಾರುವ ಕ್ಯಾಮ್ರಿಯ ಸರ್ವೀಸ್ ಪಟ್ಟಿಯಲ್ಲಿ ಟೊಯೊಟಾ ಎಣ್ಣೆ ಬದಲಾವಣೆಯನ್ನು ಭಾರ ಎಳೆಯುವಂಥ ಕಠಿಣ ಬಳಕೆಗೆ ಮಾತ್ರ ಸೀಮಿತಗೊಳಿಸಿ, 60,000 ಮೈಲಿ ಎಂದಿತು. ಸರ್ವೀಸ್ ಖರ್ಚು ಕಡಿಮೆ ಎಂದು ಜಾಹೀರಾತಿನಲ್ಲಿ ತೋರಿಸಲು ಇದು ಅನುಕೂಲ ಎಂಬುದು ಟೀಕಾಕಾರರ ವಾದ. ಮೊದಲ ಮಾಲೀಕ ಕಾರು ಮಾರುವವರೆಗೆ ಪೆಟ್ಟಿಗೆ ಹೇಗೂ ಬಾಳುತ್ತದೆ, ಏಟು ತಿನ್ನುವವನು ಎರಡನೆಯವನು.

ವಾದಕ್ಕೆ ಬಲ ತುಂಬಿದ್ದು ಜ಼ಡ್‌ಎಫ್. ಬಿಎಂಡಬ್ಲ್ಯು ಸೇರಿದಂತೆ ಹಲವು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಸಂಸ್ಥೆ ಇದು. ತನ್ನ ಪೆಟ್ಟಿಗೆಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರ್‌ಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎಂದು ಅದು ಬಹಿರಂಗವಾಗಿಯೇ ಹೇಳುತ್ತದೆ. ಕಾರು ಮಾಡಿದವನು ಬೇಡವೆನ್ನುತ್ತಾನೆ, ಪೆಟ್ಟಿಗೆ ಮಾಡಿದವನು ಬೇಕೆನ್ನುತ್ತಾನೆ.

ಈ ಎರಡು ಮಾತಿನ ನಡುವೆ ನಿಂತ ಮಾಲೀಕನಿಗೆ ದಾರಿ ತೋರಿಸುವುದು ಕಾವು. ಕಾವು ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ಅಂದಾಜು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಕನ್ವರ್ಟರ್‌ನ ಒಳಗಿನ ಲಾಕ್‌ಅಪ್ ಕ್ಲಚ್ ಬಿಗಿದು ಎಣ್ಣೆಗೆ ಬಿಡುವು ಸಿಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಆಮೆಗತಿಯಲ್ಲಿ ಒಂದು ತಾಸು ನೂಕಿದರೆ ಆ ಕ್ಲಚ್ ಕೂರುವುದೇ ಇಲ್ಲ, ಎಣ್ಣೆ ಕಲಕುತ್ತಲೇ ಇರುತ್ತದೆ, ಆ ಶ್ರಮವೆಲ್ಲ ಕಾವಾಗುತ್ತದೆ. ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ತುಂಬಿದ ಕಾರು ಹತ್ತಿಸುವುದೂ ಹಾಗೆಯೇ. ಕೈಪಿಡಿಯ ‘ಕಠಿಣ ಬಳಕೆ’ ಅಂಕಣಕ್ಕೆ ನಮ್ಮ ಬಹುಪಾಲು ಕಾರುಗಳು ಸಲೀಸಾಗಿ ಸೇರುತ್ತವೆ.

ಡ್ರೈವ್‌ವೇಯ ಲೆಕ್ಕಾಚಾರ

ಅಮೆರಿಕದಲ್ಲಿ ಇದು ಮನೆಗೆಲಸವಾಗಲು ಮೊದಲ ಕಾರಣ ಕೂಲಿ. ಕಾರು ಲಿಫ್ಟ್ ಏರಿತೆಂದರೆ ಗಂಟೆಯ ಲೆಕ್ಕದಲ್ಲಿ ಬಿಲ್ಲು ಓಡುತ್ತದೆ. ಎಣ್ಣೆಗೆ ಕೊಡುವುದಕ್ಕಿಂತ ಕೈಗೆ ಕೊಡುವುದು ಹೆಚ್ಚು. ಎರಡನೆಯದು ಅಂಗಡಿಗಳ ಆಸರೆ. ಆಟೊಜೋನ್, ಓ’ರೈಲಿಯಂಥ ಬಿಡಿಭಾಗದ ಸರಣಿ ಅಂಗಡಿಗಳು ಠೇವಣಿ ಇಟ್ಟುಕೊಂಡು ವಿಶೇಷ ಉಪಕರಣಗಳನ್ನು ಎರವಲು ಕೊಡುತ್ತವೆ, ಹಳೆಯ ಎಣ್ಣೆಯನ್ನು ಪುಕ್ಕಟೆಯಾಗಿ ವಾಪಸು ಪಡೆಯುತ್ತವೆ. ಮೂರನೆಯದು ಕಾನೂನು. 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಮಾಲೀಕ ತಾನೇ ಎಣ್ಣೆ ಬದಲಿಸಿದ ಎಂಬ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ. ಎಣ್ಣೆ ಕೊಂಡ ರಸೀದಿ, ದಿನಾಂಕ, ಮೀಟರಿನ ಅಂಕಿ ಬರೆದಿಡಬೇಕು.

ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರೂ ಬಳಸಿದ ಕ್ಯಾಮ್ರಿ, ಅಕಾರ್ಡ್ ಕೊಂಡು ಈ ವಿದ್ಯೆಗೆ ಇಳಿಯುವುದುಂಟು. ಊರಿನಲ್ಲಿ ಸ್ಪ್ಯಾನರ್ ಮುಟ್ಟದವರು ಅಲ್ಲಿ ಟಾರ್ಕ್ ರೆಂಚ್ ಕೊಳ್ಳುತ್ತಾರೆ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ಸುಖವಿಲ್ಲ, ಪಾರ್ಕಿಂಗ್ ಜಾಗದಲ್ಲಿ ಕಾರು ರಿಪೇರಿ ಮಾಡಬಾರದೆಂದು ಹೆಚ್ಚಿನ ಕರಾರು ಪತ್ರಗಳಲ್ಲೇ ಇರುತ್ತದೆ.

ಹೊಸಬರಿಗೆ ಹೇಳಿಕೊಡುವ ಮೊದಲ ನಿಯಮ: ಎಣ್ಣೆ ಇಳಿಸುವ ಪ್ಲಗ್ ಮುಟ್ಟುವ ಮುಂಚೆ ಎಣ್ಣೆ ತುಂಬುವ ಪ್ಲಗ್ ಬಿಚ್ಚಿ ನೋಡು. ಹತ್ತು ವರ್ಷ ಯಾರೂ ಮುಟ್ಟದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನದು ಕದಲದಿದ್ದರೆ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಎರಡನೆಯ ನಿಯಮ ಪ್ರಾಣಕ್ಕೆ ಸಂಬಂಧಿಸಿದ್ದು. ಬರೀ ಜಾಕಿಯ ಮೇಲೆ ನಿಂತ ಕಾರಿನಡಿಗೆ ಯಾವ ಕಾರಣಕ್ಕೂ ನುಗ್ಗಬಾರದು, ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟ ಮೇಲೆಯೇ ಒಳಗೆ ಹೋಗಬೇಕು. ಮೂರನೆಯದು, ಕಾರು ನಾಲ್ಕೂ ಕಡೆ ಸಮನಾಗಿರಬೇಕು. ಮುಂದೆ ಮಾತ್ರ ಎತ್ತಿದ ಕಾರಿನಲ್ಲಿ ನೋಡಿದ ಮಟ್ಟ ಸುಳ್ಳು ಹೇಳುತ್ತದೆ.

ಹಳೆಯ ಹೋಂಡಾಗಳು ಕಲಿಯುವವರಿಗೆ ಸಲೀಸು. ಡ್ರೈನ್ ಪ್ಲಗ್‌ನ ತಲೆಯಲ್ಲಿರುವ ಚೌಕದ ತೂತಿಗೆ ರ‍್ಯಾಚೆಟ್ ನೇರವಾಗಿ ಕೂರುತ್ತದೆ. ಪ್ಲಗ್‌ನ ತುದಿಯಲ್ಲಿ ಅಯಸ್ಕಾಂತವಿದೆ. ಅದಕ್ಕೆ ಅಂಟಿದ ಬೂದು ಬಣ್ಣದ ನುಣುಪು ಕೆಸರು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಬಂದರೆ ಒಳಗೆ ಯಾವುದೋ ಹಲ್ಲೋ ಬೇರಿಂಗೋ ಹೋಗಿದೆ. ಇಳಿದ ಎಣ್ಣೆಯ ಬಣ್ಣವೂ ಮಾತಾಡುತ್ತದೆ. ಕೆಂಪು ಕಂದಿ ಕಂದು ಆಗಿದ್ದರೆ ವಯಸ್ಸು. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಕ್ಲಚ್ ತಟ್ಟೆಗಳಿಗೆ ಏಟು. ಹಾಲು ಬೆರೆತಂತೆ ನಸುಗೆಂಪಾಗಿದ್ದರೆ ರೇಡಿಯೇಟರ್‌ನೊಳಗಿನ ಕೂಲರ್ ಒಡೆದು ನೀರು ಸೇರಿದೆ, ಆಗ ಎಣ್ಣೆ ಬದಲಿಸಿದರೆ ಸಾಲದು. ಕೊನೆಗೆ ಹೊಸ ವಾಷರ್ ಹಾಕಿ ಪ್ಲಗ್ಗನ್ನು 49 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಪೆಟ್ಟಿಗೆ ಅಲ್ಯೂಮಿನಿಯಮ್ಮಿನದು. ಗಟ್ಟಿಯಾಗಲಿ ಎಂದು ಮೈಬಲ ಹಾಕಿದವರು ಥ್ರೆಡ್ ಕಳೆದುಕೊಂಡಿದ್ದಾರೆ.

ಒಳಗೇ ಉಳಿಯುವ ಅರ್ಧ

ಹೋಂಡಾ ಅಕಾರ್ಡ್‌ನ ಐದು ಗೇರಿನ ಪೆಟ್ಟಿಗೆ ಒಟ್ಟು ಸುಮಾರು ಆರೂವರೆ ಲೀಟರ್ ಎಣ್ಣೆ ಹಿಡಿಯುತ್ತದೆ. ಪ್ಲಗ್ ಬಿಚ್ಚಿದರೆ ಇಳಿಯುವುದು ಎರಡೂವರೆ ಲೀಟರ್ ಮಾತ್ರ. ಮಿಕ್ಕದ್ದು ಟಾರ್ಕ್ ಕನ್ವರ್ಟರ್, ವಾಲ್ವ್‌ಗಳ ಸಂದುಗೊಂದು, ಕೂಲರ್ ಕೊಳವೆಗಳಲ್ಲಿ ನಿಂತುಬಿಡುತ್ತದೆ. ಹಿಂದೆ ಕೆಲವು ಅಮೆರಿಕನ್ ಕಾರುಗಳ ಕನ್ವರ್ಟರ್‌ಗೂ ಒಂದು ಡ್ರೈನ್ ಪ್ಲಗ್ ಇರುತ್ತಿತ್ತು, ಖರ್ಚು ಕಡಿತದಲ್ಲಿ ಅದೂ ಹೋಯಿತು.

ಹಾಗಾಗಿ ಒಂದು ಸಲ ಬದಲಿಸಿದರೆ ಹೊಸ ಎಣ್ಣೆಯ ಪಾಲು ನೂರಕ್ಕೆ 38. ಕಾರು ಓಡಿಸಿ, ಬೆರೆತ ಮೇಲೆ ಮತ್ತೆ ಎರಡೂವರೆ ಲೀಟರ್ ಇಳಿಸಿ ತುಂಬಿದರೆ ಅದು 62ಕ್ಕೆ ಏರುತ್ತದೆ. ಮೂರನೆಯ ಸಲಕ್ಕೆ 77. ನಾಲ್ಕನೆಯದರಲ್ಲಿ ಸಿಗುವ ಲಾಭ ಹತ್ತು ಅಂಕಕ್ಕೂ ಕಡಿಮೆ, ಖರ್ಚು ಅಷ್ಟೇ. ಎಣ್ಣೆಯನ್ನು ಪೂರ್ತಿ ಹೊಸದಾಗಿಸಬೇಕಾದಾಗ ಹೋಂಡಾ ಗ್ಯಾರೇಜುಗಳಲ್ಲಿ ಮೂರು ಸಲ ಇಳಿಸಿ ತುಂಬುವ ಕ್ರಮ ಬೆಳೆದದ್ದು ಈ ಲೆಕ್ಕದ ಮೇಲೆ. ಅವಸರದವರು ಕೂಲರ್‌ನ ಕೊಳವೆ ಕಳಚಿ, ಎಂಜಿನ್ ಓಡಿಸಿ, ಪೆಟ್ಟಿಗೆಯ ಪಂಪಿನಿಂದಲೇ ಹಳೆಯದನ್ನು ಹೊರದೂಡಿಸುತ್ತಾರೆ. ಹೊರಗೆ ಬಂದಷ್ಟನ್ನೇ ಒಳಗೆ ಹೊಯ್ಯುತ್ತಿರಬೇಕು. ಕೈ ಕೊಂಚ ತಡವಾದರೆ ಪಂಪು ಒಣಗಿ ಓಡುತ್ತದೆ, ಇದಕ್ಕೆ ಇಬ್ಬರು ಬೇಕು.

ಹಳೆಯ ಪೆಟ್ಟಿಗೆಗೆ ಹೊಸ ಎಣ್ಣೆ ಹಾಕಿದರೆ ಅದು ಸಾಯುತ್ತದೆಂಬ ಮಾತು ಕ್ಯಾಲಿಫೋರ್ನಿಯಾದ ಗ್ಯಾರೇಜಿನಲ್ಲೂ ಕೇಳುತ್ತದೆ, ಜೆ.ಸಿ. ರಸ್ತೆಯ ಅಂಗಡಿಯಲ್ಲೂ ಕೇಳುತ್ತದೆ. ಅದರಲ್ಲಿ ಪೂರ್ತಿ ಸುಳ್ಳಿಲ್ಲ. ತಟ್ಟೆಗಳ ಪದರ ಸವೆದು ತೀರಿದ ಪೆಟ್ಟಿಗೆಯಲ್ಲಿ ಆ ಸವೆದ ಪುಡಿಯೇ ಎಣ್ಣೆಯಲ್ಲಿ ತೇಲುತ್ತ ಹಿಡಿತಕ್ಕೆ ಸ್ವಲ್ಪ ಒದಗುತ್ತಿರುತ್ತದೆ. ಆದರೆ ಹೆಚ್ಚಿನವರು ಎಣ್ಣೆ ಬದಲಿಸಲು ಬರುವುದೇ ಗೇರು ಜಾರತೊಡಗಿದ ಮೇಲೆ. ಮುಂದಿನ ತಿಂಗಳು ಹೇಗೂ ನಿಲ್ಲಲಿದ್ದ ಪೆಟ್ಟಿಗೆ ನಿಂತಾಗ ಅಪವಾದ ಹೊಸ ಎಣ್ಣೆಯ ತಲೆಗೆ ಬರುತ್ತದೆ.

ಥರ್ಮಾಮೀಟರ್ ಹಿಡಿದ ಮೆಕ್ಯಾನಿಕ್

ಆರು ಗೇರಿನ ಕ್ಯಾಮ್ರಿಯ ಕಥೆ ಬೇರೆ. ತಳದ ಪ್ಲಗ್ ಬಿಚ್ಚಿದರೆ ಒಂದಿಷ್ಟು ಎಣ್ಣೆ ಸುರಿದು ನಿಲ್ಲುತ್ತದೆ. ಮುಗಿಯಿತೆಂದುಕೊಂಡರೆ ಮೋಸ. ಆ ತೂತಿನೊಳಗೆ ಮೇಲ್ಮುಖವಾಗಿ ನಿಂತ ಒಂದು ಪ್ಲಾಸ್ಟಿಕ್ ಕೊಳವೆಯಿದೆ, ಅದನ್ನೂ ಅಲನ್ ಕೀಯಿಂದ ತಿರುಗಿಸಿ ತೆಗೆದರೆ ಮಿಕ್ಕ ಎಣ್ಣೆ ಇಳಿಯುತ್ತದೆ. ಗ್ಯಾರೇಜಿನವರು ಚೇಂಬರ್ ಎನ್ನುವ ತಳದ ತಟ್ಟೆಯನ್ನೇ ಬಿಚ್ಚಿದರೆ ಒಳಗಿನ ಫಿಲ್ಟರ್ ಬದಲಿಸಬಹುದು, ಅಯಸ್ಕಾಂತಗಳನ್ನು ಒರೆಸಬಹುದು. ಆ ಕೊಳವೆಯೇ ಈ ಕಾರಿನ ಡಿಪ್‌ಸ್ಟಿಕ್. ಎಣ್ಣೆ ಅದರ ತುದಿಗಿಂತ ಮೇಲಿದ್ದರೆ ಕೊಳವೆಯೊಳಗೆ ಬಿದ್ದು ಹೊರಗೆ ಹರಿಯುತ್ತದೆ, ಧಾರೆ ಹನಿಯಾದಾಗ ಮಟ್ಟ ಸರಿಯಾಗಿದೆ.

ಅಷ್ಟೇ ಆಗಿದ್ದರೆ ಸುಲಭವಿತ್ತು. ಎಣ್ಣೆ ಕಾವಿಗೆ ಹಿಗ್ಗುತ್ತದೆ. ಎಂಟು ಲೀಟರ್ ಎಣ್ಣೆ 60 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 350 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ತಣ್ಣಗಿರುವಾಗ ಮಟ್ಟ ನೋಡಿದರೆ ಓಡುವಾಗ ಹೆಚ್ಚಾಗುತ್ತದೆ. ಕುದಿಯುವಷ್ಟು ಬಿಸಿಯಲ್ಲಿ ನೋಡಿದರೆ ಬೇಕಾದ ಎಣ್ಣೆಯೂ ಹರಿದುಹೋಗುತ್ತದೆ. ಅದಕ್ಕೆಂದೇ ಪ್ರತಿ ಪೆಟ್ಟಿಗೆಗೂ ಒಂದು ಉಷ್ಣತೆಯ ಕಿಟಕಿ ಗೊತ್ತುಪಡಿಸಿದ್ದಾರೆ. ಈ ಕ್ಯಾಮ್ರಿಗೆ 40ರಿಂದ 45 ಡಿಗ್ರಿ ಸೆಲ್ಸಿಯಸ್, ಜ಼ಡ್‌ಎಫ್‌ನ ಪೆಟ್ಟಿಗೆಗಳಿಗೆ 30ರಿಂದ 50.

ಉಷ್ಣತೆ ತಿಳಿಯಲು ಟೊಯೊಟಾ ಒಂದು ಗುಟ್ಟಿನ ದಾರಿ ಇಟ್ಟಿದೆ. ಸ್ಟೀರಿಂಗ್ ಕೆಳಗಿನ ಸ್ಕ್ಯಾನರ್ ಸಾಕೆಟ್ಟಿನ 4 ಮತ್ತು 13ನೇ ಪಿನ್ನುಗಳನ್ನು ತಂತಿಯಿಂದ ಸೇರಿಸಿ, ಎಂಜಿನ್ ಹಾಕಿ, ಗೇರ್ ಲಿವರನ್ನು ನಿಗದಿತ ಕ್ರಮದಲ್ಲಿ ಓಡಾಡಿಸಿದರೆ ಮೀಟರಿನ ‘ಡಿ’ ದೀಪವೇ ಥರ್ಮಾಮೀಟರ್ ಆಗುತ್ತದೆ. ಎಣ್ಣೆ ತಣ್ಣಗಿದ್ದರೆ ಆರಿರುತ್ತದೆ, ಕಿಟಕಿಯೊಳಗೆ ಬಂದರೆ ಉರಿಯುತ್ತದೆ, ದಾಟಿದರೆ ಮಿಟುಕುತ್ತದೆ. ಈಗಿನವರು ಅದೇ ಸಾಕೆಟ್ಟಿಗೆ ಬ್ಲೂಟೂತ್ ಸಾಧನ ಚುಚ್ಚಿ ಮೊಬೈಲಿನಲ್ಲಿ ಡಿಗ್ರಿ ಓದುತ್ತಾರೆ. ಎಂಜಿನ್ ಓಡುತ್ತಿರುವಾಗಲೇ ಕಾರಿನಡಿ ಮಲಗಿ ಪ್ಲಗ್ ತೆಗೆಯಬೇಕು. ಕಿಟಕಿ ತೆರೆದಿರುವುದು ಕೆಲವೇ ನಿಮಿಷ, ತಡವಾದರೆ ಎಲ್ಲವೂ ತಣಿಯುವವರೆಗೆ ಕಾಯಬೇಕು.

ಇಷ್ಟು ನಾಜೂಕು ಏಕೆಂದರೆ, ಹೆಚ್ಚು ಎಣ್ಣೆ ಮಾಡುವ ಕೆಡುಕೂ ಕಡಿಮೆ ಎಣ್ಣೆ ಮಾಡುವ ಕೆಡುಕೂ ಒಂದೇ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ. ಹೆಚ್ಚಾದರೆ ತಿರುಗುವ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಎರಡರಲ್ಲೂ ಎಣ್ಣೆಗೆ ಗಾಳಿ ಸೇರಿ ಒತ್ತಡ ಕುಸಿದು ಕ್ಲಚ್ ತಟ್ಟೆಗಳು ಜಾರುತ್ತವೆ. ಇಳಿದ ಎಣ್ಣೆಯನ್ನು ಮಿಲಿಲೀಟರಿನವರೆಗೆ ಅಳೆದಿಟ್ಟು, ಮೊದಲಿಗೆ ಅಷ್ಟನ್ನೇ ತುಂಬುವವರು ಅನುಭವಸ್ಥರು.

ಇಳಿದ ಎಣ್ಣೆ ಎಲ್ಲಿಗೆ ಹೋಗಬೇಕೆಂಬುದೂ ಈ ಕೆಲಸದ ಭಾಗವೇ. ಒಂದು ಆಯಿಲ್ ಚೇಂಜಿನ ಹಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನಮ್ಮಲ್ಲಿ ಹಳೆ ಎಣ್ಣೆ ಸೆಂಟ್ರಿಂಗ್ ಶೀಟಿಗೆ ಬಳಿಯಲು, ಗೆದ್ದಲು ಹತ್ತದಂತೆ ಮರಕ್ಕೆ ಹಚ್ಚಲು ಹೋಗುವುದೇ ಹೆಚ್ಚು. ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ.

ನಿಮ್ಮ ಪೆಟ್ಟಿಗೆ ಯಾವುದು?

ಕರ್ನಾಟಕದಲ್ಲಿ ಎರಡು ಪೆಡಲಿನ ಕಾರುಗಳನ್ನೆಲ್ಲ ಆಟೊಮ್ಯಾಟಿಕ್ ಎಂದೇ ಕರೆಯುತ್ತಾರೆ. ಒಳಗಿರುವುದು ಬೇರೆ ಬೇರೆ ಯಂತ್ರ. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ಜನಪ್ರಿಯವಾದ ಎಎಂಟಿಯಲ್ಲಿ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಒಂದು ಹೈಡ್ರಾಲಿಕ್ ಸಾಧನ ಮಾಡುತ್ತದೆ. ಅದಕ್ಕೆ ಗೇರ್ ಆಯಿಲ್ ಬೇರೆ, ಆ ಸಾಧನದ ದ್ರವ ಬೇರೆ. ಹೋಂಡಾ ಸಿಟಿಯಂಥ ಸಿವಿಟಿ ಕಾರುಗಳಲ್ಲಿ ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ನಡುವೆ ಓಡುತ್ತದೆ. ಪಟ್ಟಿ ಜಾರದಂತೆ ಹಿಡಿಸುವ ಎಚ್‌ಸಿಎಫ್-2ರಂಥ ಎಣ್ಣೆಯೇ ಅದಕ್ಕೆ ಬೇಕು. ಮಾಮೂಲಿ ಆಟೊಮ್ಯಾಟಿಕ್‌ನ ಕೆಂಪು ಎಣ್ಣೆ, ಅಂದರೆ ಎಟಿಎಫ್ ಹೊಯ್ದರೆ ಪಟ್ಟಿಯೂ ರಾಟೆಯೂ ಕೆರೆದುಹೋಗುತ್ತವೆ. ಫೋಕ್ಸ್‌ವ್ಯಾಗನ್‌ನ ಎಣ್ಣೆಯಲ್ಲಿ ಮುಳುಗಿದ ಆರು ಗೇರಿನ ಡಿಎಸ್‌ಜಿಗೆ ಮೊದಲಿನಿಂದಲೂ 60,000 ಕಿಲೋಮೀಟರಿಗೆ ಬದಲಾವಣೆ ಕಡ್ಡಾಯ. ಇನೊವಾ ಕ್ರಿಸ್ಟಾ, ಎಕ್ಸ್‌ಯುವಿ700, ಕುಶಾಕ್‌ನ ಒಂದು ಲೀಟರ್ ಎಂಜಿನ್ ಮಾದರಿಯ ಆಟೊಮ್ಯಾಟಿಕ್‌ಗಳಲ್ಲಿರುವುದು ಈ ಲೇಖನದ ಟಾರ್ಕ್ ಕನ್ವರ್ಟರ್.

ಎಲ್ಲಕ್ಕಿಂತ ಸುಲಭದ್ದು ಪ್ರಿಯಸ್ ಜಾತಿಯ ಹೈಬ್ರಿಡ್. 2013ರಿಂದ ಬಿಡದಿಯಲ್ಲಿ ಜೋಡಿಸಲಾದ ಕ್ಯಾಮ್ರಿ ಹೈಬ್ರಿಡ್‌ನಲ್ಲೂ ಇದೇ ಏರ್ಪಾಟು. ಅಲ್ಲಿ ಕನ್ವರ್ಟರೂ ಇಲ್ಲ, ಕ್ಲಚ್ ತಟ್ಟೆಗಳ ಕಟ್ಟೂ ಇಲ್ಲ. ಒಂದು ಪ್ಲಗ್ ಬಿಚ್ಚಿದರೆ ಬಹುತೇಕ ಎಣ್ಣೆ ಇಳಿಯುತ್ತದೆ, ಮೇಲಿನ ತೂತಿನ ಅಂಚಿಗೆ ಬರುವವರೆಗೆ ತುಂಬಿದರೆ ಆಯಿತು. ಮೋಟರಿನ ಸುರುಳಿಗಳನ್ನು ತಂಪಾಗಿಸುವ ಕೆಲಸವೂ ಅದೇ ಎಣ್ಣೆಯದು.

ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಇದನ್ನೆಲ್ಲ ಮಾಡಲು ಜಾಗವೂ ಇಲ್ಲ, ಸಂಘದವರು ಬಿಡುವುದೂ ಇಲ್ಲ. ಹೆಚ್ಚಿನವರು ಸರ್ವೀಸ್ ಸೆಂಟರಿಗೋ ಪರಿಚಯದ ಮೆಕ್ಯಾನಿಕ್ ಬಳಿಗೋ ಹೋಗುತ್ತಾರೆ. ಡ್ರೈವ್‌ವೇಯ ವಿದ್ಯೆ ಅಲ್ಲಿಯೂ ಬಳಕೆಗೆ ಬರುತ್ತದೆ, ಬಿಲ್ಲಿನಲ್ಲಿ ಮೂರು ಅಂಶ ಬರೆಸಿಕೊಳ್ಳಲು. ಎಣ್ಣೆಯ ಪೂರ್ತಿ ಹೆಸರು, ‘ಎಟಿಎಫ್’ ಎಂದಷ್ಟೇ ಸಾಲದು. ಇಳಿದದ್ದು ಎಷ್ಟು ಲೀಟರ್, ತುಂಬಿದ್ದು ಎಷ್ಟು ಲೀಟರ್. ಮತ್ತು ಮಟ್ಟ ನೋಡಿದಾಗ ಎಣ್ಣೆ ಎಷ್ಟು ಡಿಗ್ರಿಯಲ್ಲಿತ್ತು. ಮೂರನೆಯ ಪ್ರಶ್ನೆಗೆ ಕೌಂಟರಿನ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದು, ‘ಹೊರಗೆ ಬರೋವರೆಗೂ ಹಾಕಿದ್ದಾರಂತೆ ಸಾರ್’ ಎಂದರೆ ದುಡ್ಡು ಕೊಡುವ ಮೊದಲು ಕಾರನ್ನು ಇನ್ನೊಮ್ಮೆ ಲಿಫ್ಟ್ ಹತ್ತಿಸಲು ಹೇಳಬೇಕು.